ಒಂದೇ ‘ಗ್ವೇ’, ಹಲವು ಇಂಗ್ಲಿಷ್ ಪದಗಳು

ಸಿಂಗಪುರದಲ್ಲಿ ಚೀನೀ ಮನೆಮಾತಿನ ವಯಸ್ಕರಿಗೆ ವಾರಕ್ಕೆರಡು ಸಂಜೆ ಇಂಗ್ಲಿಷ್ ಹೇಳಿಕೊಡುವ ನನಗೆ ಪ್ರತಿ ತಂಡದಲ್ಲಿಯೂ ತಪ್ಪದೆ ಎದುರಾಗುವ ವಾಕ್ಯವೊಂದಿದೆ: ‘ದ ಪ್ರೈಸ್ ಈಸ್ ಎಕ್ಸ್‌ಪೆನ್ಸಿವ್’. ಎಕ್ಸ್‌ಪೆನ್ಸಿವ್ ಆಗುವುದು ವಸ್ತು, ಬೆಲೆಯೇನಿದ್ದರೂ ‘ಹೈ’ ಎಂದು ತಿದ್ದುತ್ತೇನೆ. ‘ಬೆಲೆ ದುಬಾರಿ’ ಎಂದು ಕನ್ನಡದಲ್ಲಿ ಯೋಚಿಸುತ್ತಾ ಬಹಳ ಕಾಲ ನಾನೂ ಇದೇ ತಪ್ಪು ಮಾಡಿದವನಾದ್ದರಿಂದ, ಗದರುವ ಧೈರ್ಯ ಮಾತ್ರ ಬರುವುದಿಲ್ಲ.

ಮ್ಯಾಂಡರಿನ್‌ನಲ್ಲಿ ಇದಕ್ಕೆಲ್ಲ ‘ಗ್ವೇ’ ಎಂಬ ಒಂದೇ ಮಾತು ಸಾಕಾಗುತ್ತದೆ. ಚೌಕಾಸಿ ಮಾಡುವವರು ‘ಥಾಯ್ ಗ್ವೇ ಲ’, ಅಂದರೆ ತೀರಾ ದುಬಾರಿಯಾಯಿತು, ಎನ್ನುತ್ತಾರೆ. ಅದೇ ಅಕ್ಷರಕ್ಕೆ ‘ಶಿಂಗ್’ ಸೇರಿಸಿ ಅಪರಿಚಿತರ ಮನೆತನದ ಹೆಸರನ್ನು ಗೌರವದಿಂದ ವಿಚಾರಿಸುತ್ತಾರೆ. ಆ ಅಕ್ಷರದ ಕೆಳಭಾಗದಲ್ಲಿ, ಹಿಂದೆ ಹಣವಾಗಿ ಚಲಾವಣೆಯಲ್ಲಿದ್ದ ಕವಡೆಯ ಗುರುತು ಇಂದಿಗೂ ಉಳಿದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ತೀರಾ ಹತ್ತಿರದ ನಂಟು ‘ಡಿಯರ್’, ಏಕೆಂದರೆ ಪ್ರಿಯವಾದದ್ದೂ ತುಟ್ಟಿಯಾದದ್ದೂ ಅದರೊಳಗೇ ಇವೆ. ನಮ್ಮ ಸರ್ಕಾರಿ ನೌಕರರ ‘ಡಿಯರ್‌ನೆಸ್ ಅಲೋಯನ್ಸ್’, ಅಂದರೆ ತುಟ್ಟಿಭತ್ಯೆ, ಹುಟ್ಟಿದ್ದೂ ಈ ಎರಡನೆಯ ಅರ್ಥದಿಂದಲೇ. ನನ್ನ ವಿದ್ಯಾರ್ಥಿಗಳಿಗಾದರೋ ಅದು ಕಾಗದದ ತಲೆಯಲ್ಲಿ ಬರೆಯುವ ಸಂಬೋಧನೆ ಮಾತ್ರ.

ಉಳಿದ ಪದಗಳಲ್ಲಿ ಬೆಲೆಗಿಂತ ಹೆಚ್ಚಾಗಿ ಮಾತನಾಡುವವರ ಮನಸ್ಸು ಕಾಣುತ್ತದೆ. ‘ಪ್ರೈಸಿ’ ಎಂದರೆ ಗೆಳೆಯರ ನಡುವಿನ ಸಣ್ಣ ಗೊಣಗಾಟ. ‘ಓವರ್‌ಪ್ರೈಸ್ಡ್’ ಎಂದರೆ ಅಷ್ಟು ಬಾಳುವುದಿಲ್ಲವೆಂಬ ತೀರ್ಪು. ‘ಎಕ್ಸಾರ್ಬಿಟೆಂಟ್’ ಎಂದರೆ ಸಿಟ್ಟು, ಅದರ ಲ್ಯಾಟಿನ್ ಮೂಲದಲ್ಲಿಯೇ ಗಾಲಿಯ ಜಾಡು ಬಿಟ್ಟು ಹೊರಬಿದ್ದ ಭಾವವಿದೆ. ಹಣವಲ್ಲದೆ ಬೇರೇನನ್ನೋ ಕಳೆದುಕೊಳ್ಳುವಂತೆ ಮಾಡಿದ ತಪ್ಪನ್ನೂ ‘ಕಾಸ್ಟ್ಲಿ’ ಎನ್ನಬಹುದು.

ಆದರೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ‘ಬೆಲೆಯಿಲ್ಲ’ ಎನ್ನುವಾಗ. ಒಮ್ಮೆ ವಿದ್ಯಾರ್ಥಿನಿಯೊಬ್ಬರು ಅಜ್ಜಿ ಕೊಟ್ಟ ಹಸಿರು ಜೇಡ್ ಬಳೆಯ ಬಗ್ಗೆ ಬರೆಯುತ್ತಾ ಅದನ್ನು ‘ವ್ಯಾಲ್ಯೂಲೆಸ್’ ಎಂದಿದ್ದರು. ಚೀನಿಯಲ್ಲಿ ‘ವೂ ಜ್ಯಾ’, ಬೆಲೆ ಇಲ್ಲದ್ದು, ಎಂದರೆ ನಮ್ಮ ‘ಅಮೂಲ್ಯ’ದಂತೆಯೇ ಬೆಲೆ ಕಟ್ಟಲಾಗದ್ದು, ಇಂಗ್ಲಿಷಿನಲ್ಲಿ ಮಾತ್ರ ‘ಪ್ರೈಸ್‌ಲೆಸ್’ ಆಕಾಶಕ್ಕೇರಿದರೆ ‘ವ್ಯಾಲ್ಯೂಲೆಸ್’ ಕಸದ ಬುಟ್ಟಿಗೆ ಬೀಳುತ್ತದೆ, ಅದೇ ‘ವ್ಯಾಲ್ಯೂ’ಗೆ ಮುಂದೆ ‘ಇನ್’ ಸೇರಿ ‘ಇನ್‌ವ್ಯಾಲ್ಯುಬಲ್’ ಆದರೆ ಮತ್ತೆ ಮೇಲೇಳುತ್ತದೆ. ಇದನ್ನು ವಿವರಿಸಿದಾಗ ಅವರು ನಗಲಿಲ್ಲ. ಮುಂಗೈಯ ಬಳೆಯನ್ನು ಒಂದು ಸುತ್ತು ತಿರುಗಿಸಿ, ತಾವು ಬರೆದಿದ್ದ ಪದವನ್ನು ಕೆಳಗಿನ ಹಾಳೆಯಲ್ಲಿಯೂ ಅಚ್ಚೊತ್ತುವಷ್ಟು ಗಟ್ಟಿಯಾಗಿ ಹೊಡೆದುಹಾಕಿದರು.