ಅಪೊಲೊನ ಕಿವಿಯ ಹಿಂದಿನ ಕೆಂಪು

ಕಲಾಶಾಲೆಯ ಪಡಸಾಲೆಯಲ್ಲಿದ್ದ ಪ್ಲಾಸ್ಟರ್ ತಲೆ ಹಳೆಯ ಬ್ಯಾಚಿನವರಿಗೆಲ್ಲ ನೆನಪಿರಬೇಕು. ವ್ಯಾಟಿಕನ್ನಿನಲ್ಲಿರುವ ಬೆಲ್ವೆಡೆರೆ ಅಪೊಲೊ ಎಂಬ ಗ್ರೀಕ್ ದೇವರ ಅಮೃತಶಿಲೆ ವಿಗ್ರಹದ ತಲೆಯ ಅಚ್ಚು. ವಾರ್ಷಿಕೋತ್ಸವದ ಹಿಂದಿನ ರಾತ್ರಿ ಹಾಸ್ಟೆಲ್ ಹುಡುಗರು ಅದರ ತುಟಿಗೆ, ರೆಪ್ಪೆಗೆ ಪೋಸ್ಟರ್ ಕಲರಿನ ಕೆಂಪು, ಗುಂಗುರು ಕೂದಲಿಗೆಲ್ಲ ಕೆಮ್ಮಣ್ಣು ಬಳಿದರು. ಬೆಳಿಗ್ಗೆ ಕಲಾ ಇತಿಹಾಸದ ಮೇಷ್ಟ್ರು ಒಂದು ಸುತ್ತು ಹಾಕಿ ನೋಡಿ, "ಬಣ್ಣ ಹಚ್ಚಿದ್ದು ಸರಿ ಕಣ್ರಯ್ಯಾ, ಹಚ್ಚೋದು ಹೀಗಲ್ಲ" ಅಂದರು.

ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗಿದೆ. ಹಳೆಯ ಗ್ರೀಕ್, ರೋಮನ್ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರು ಎಂಬ ಆ ಬೆಳಗಿನ ಪಾಠ ಉಳಿದಿದೆ.

ಮೊದಲು ಶಿಕ್ಷೆಯಾಗಿ ತಲೆ ತೊಳೆಸಿದರು. ಪ್ಲಾಸ್ಟರಿಗೆ ನೀರು ಸುರಿಯುವಂತಿಲ್ಲ, ಮೈ ಮೆತ್ತಗಾಗಿ ಮೂಗಿನ ಅಂಚು ಸವೆಯುತ್ತದೆ. ಹತ್ತಿ ಒದ್ದೆ ಮಾಡಿ, ಹಿಂಡಿ, ಉಜ್ಜದೆ ಒತ್ತಿ ಒತ್ತಿ ತೆಗೆಯಬೇಕು. ಆಮೇಲೆ ಕಿಟಕಿ ಮುಚ್ಚಿಸಿ, ಟಾರ್ಚನ್ನು ಕೆನ್ನೆಗೆ ತಾಗುವಷ್ಟು ಓರೆಯಾಗಿ ಹಿಡಿದರು. ಹಣೆ, ಕೆನ್ನೆ ಬೆಳ್ಳಗಿದ್ದವು. ಗುಂಗುರಿನ ಗುಳಿಗಳಲ್ಲಿ, ಕಿವಿಯ ಹಿಂದೆ, ರೆಪ್ಪೆಯ ಸಂದಿಯಲ್ಲಿ ಕೆಂಪು ಕೂತಿತ್ತು. ಅಥೆನ್ಸಿನಲ್ಲೂ ಹುಡುಕುವುದು ಇಂಥ ಕಡೆಯೇ ಎಂದರು. ಕ್ರಿ.ಪೂ. 530ರ ಸುಮಾರಿನ ಪೆಪ್ಲೋಸ್ ಕೋರೆ ಎಂಬ ಅಲ್ಲಿನ ತರುಣಿಯ ವಿಗ್ರಹದ ಕೂದಲಲ್ಲಿ, 1863ರಲ್ಲಿ ರೋಮಿನ ಬಳಿ ಸಿಕ್ಕ ಪ್ರಿಮಾ ಪೋರ್ಟಾ ಅಗಸ್ಟಸ್ ಚಕ್ರವರ್ತಿಯ ವಿಗ್ರಹದ ಉಡುಪಿನಲ್ಲಿ ಬಣ್ಣ ಉಳಿದಿದೆ. ಬಣ್ಣ ಪೂರ್ತಿ ಉದುರಿದ್ದರೂ ಓರೆಬೆಳಕಿನಲ್ಲಿ ವಿನ್ಯಾಸ ಏಳುವುದುಂಟು: ಬಣ್ಣ ಕಾಪಾಡಿದಷ್ಟು ಜಾಗದ ಕಲ್ಲು ಕಡಿಮೆ ಸವೆದಿರುತ್ತದೆ.

ಬಿಳುಪೇ ಗ್ರೀಕ್ ಸೌಂದರ್ಯ ಎಂಬುದು ಜರ್ಮನ್ ಕಲಾ ಇತಿಹಾಸಕಾರ ವಿಂಕಲ್‌ಮನ್‌ನ 1764ರ ಗ್ರಂಥದ ನಂತರ ಬೇರೂರಿದ ಮಾತು. ಆತ ಕೊಂಡಾಡಿದ ಇದೇ ಅಪೊಲೊ ರೋಮನ್ ಕಾಲದ್ದು. ಗ್ರೀಕ್ ಕಂಚಿನ ವಿಗ್ರಹದ ನಕಲೆಂದು ಬಹಳ ವಿದ್ವಾಂಸರ ಅಭಿಪ್ರಾಯ. ವ್ಯಾಟಿಕನ್ನಿನ ಪೂರ್ತಿ ವಿಗ್ರಹದಲ್ಲಿ ಕಾಲಿನ ಪಕ್ಕ ಇರುವ ಮರದ ಬೊಡ್ಡೆ ಅಲಂಕಾರಕ್ಕಲ್ಲ. ಕಂಚು ಒಳಗೆ ಪೊಳ್ಳು, ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಅಮೃತಶಿಲೆಯ ಕಣಕಾಲು ಅಷ್ಟು ಭಾರ ತಾಳದು. ಬೆಳ್ಳಗಿರಲೆಂದು 1937-38ರಲ್ಲಿ ಲಂಡನ್ನಿನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ತಾಮ್ರದ ಸಲಕರಣೆಗಳಿಂದ ಕೆರೆದದ್ದನ್ನು ಹೇಳುವಾಗ ಮೇಷ್ಟ್ರ ದನಿ ಏರುತ್ತಿತ್ತು.

ಹಳೆಯ ಶಿಲ್ಪಗಳು ಹೇಗಿದ್ದವೆಂದು ತೋರಿಸಲು 2003ರ ಮ್ಯೂನಿಕ್ ಪ್ರದರ್ಶನದಲ್ಲಿಟ್ಟ ಬಣ್ಣದ ಪ್ರತಿಗಳನ್ನೂ ಅವರು ಪೂರ್ತಿ ಒಪ್ಪಲಿಲ್ಲ. ಉಳಿಯುವುದು ಹೆಚ್ಚಾಗಿ ತಳದ ಪದರ. ಕೆಂಪು ಬೆಳಕು ಹಾಯಿಸಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದರೆ ಈಜಿಪ್ಷಿಯನ್ ನೀಲಿ ಎಂಬ ಪುರಾತನ ಬಣ್ಣದ ಕಣ 910 ನ್ಯಾನೊಮೀಟರ್ ಹತ್ತಿರ ಬೆಳಗುತ್ತದೆ. ಅದರ ಮೇಲೆ ಎಷ್ಟು ತೆಳು ಲೇಪಗಳಿದ್ದವು, ಯಾವ ಅಂಟು ಎಂಬುದನ್ನು ಅದು ಹೇಳದು. ಆ ಪ್ರತಿಗಳು ಪೋಸ್ಟರಿನಂತೆ ಚಪ್ಪಟೆಯಾಗುವುದು ಅಲ್ಲೇ. ಹೊಳಪಿಗೆ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಗೋಡೆಯ ವಿಷಯದಲ್ಲಿ ಹೇಳಿದ ವಿಧಾನವಿದೆ: ಕರಗಿಸಿದ ಮೇಣಕ್ಕೆ ತುಸು ಎಣ್ಣೆ ಬೆರೆಸಿ ಬಳಿದು, ಕೆಂಡದ ಶಾಖ ಕೊಟ್ಟು ಬೆವರಿಸಿ, ಶುಭ್ರ ನಾರುಬಟ್ಟೆಯಿಂದ ತಿಕ್ಕುವುದು. ಅಮೃತಶಿಲೆಯ ವಿಗ್ರಹಗಳಿಗೂ ಹೀಗೇ ಎಂದು ಅವನೇ ಬರೆದಿದ್ದಾನೆ.

ಈಗಿನ ಮಕ್ಕಳಿಗೆ ಇದೆಲ್ಲ ಒಂದು ಸ್ಲೈಡ್. ತಪಾಸಣೆಯವರು ಬರುತ್ತಾರೆಂದು ಯಾರೋ ಅಪೊಲೊನಿಗೆ ಬಿಳಿ ಎನಾಮೆಲ್ ಹೊಡೆಸಿದ್ದಾರಂತೆ. ಕೆರೆಯಲು ಹೋಗಬೇಡಿ. ಓರೆಗೆ ಟಾರ್ಚ್ ಹಿಡಿದು ಎಡಗಿವಿಯ ಹಿಂದೆ ನೋಡಿ, ಪೇಂಟರನ ಬ್ರಷ್ ಅಲ್ಲಿಗೆ ಹೋಗಿರಲಾರದು.