ಚೀನಾದ ಆಟ, ನಮ್ಮ ಮುತ್ಯಾನ ಕಿವಿ

ಮೇ ತಿಂಗಳ ಕಲಬುರಗಿ ಗೊತ್ತಲ್ವಾ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಕರೆಂಟ್ ಇರಲಿಲ್ಲ. ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದೆವು. ನಾನು ಸುಮ್ನೆ ಮೊಬೈಲ್‌ನಲ್ಲಿ ಚೀನಾದ ಒಪೆರಾ ನೋಡುತ್ತಿದ್ದೆ. ಮುಖ ಬದಲಿಸುವ ಒಂದು ರೀಲ್ ಕಣ್ಣಿಗೆ ಬಿದ್ದಾಗಿನಿಂದ ಈ ಚಟ ಹತ್ತಿದೆ. ಪಕ್ಕದ ಹೊರಸಿನಿಂದ ಮುತ್ಯಾ ಕೇಳಿದ:

"ಯಾರ್ಲೇ ಇವ, ಹಿಂಗ್ಯಾಕ ಒದರ್ಲಕತ್ತಾನ?"

"ಚೀನಾದವ ಮುತ್ಯಾ. ಅವರ ದೊಡ್ಡಾಟ."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದ. "ಇವ ಬಯಲಾಗ ಹಾಡಿ ಕಲ್ತಾಂವ ಅದಾನ ನೋಡು. ಮನ್ಯಾಗ ಹಾಡೋರ ಗಂಟಲ ಹಿಂಗ ಇರಂಗಿಲ್ಲ."

ನಾನು ಎದ್ದು ಕೂತೆ. ಅವನು ಕೇಳಿದ್ದು ಚಿನ್‌ಚ್ಯಾಂಗ್. ಉತ್ತರ ಚೀನಾದ ಶಿಯಾನ್ ಊರಿನ ಸುತ್ತಲಿನದು. ಹಳದಿ ಮಣ್ಣು, ಗೋಧಿ ಹೊಲ, ಒಣ ಗಾಳಿಯ ನಾಡು. ತಮ್ಮ ಕಡೆ ಆಟ ಹಾಡುವುದಿಲ್ಲ, ಗರ್ಜಿಸುತ್ತಾರೆ ಅಂತ ಅಲ್ಲಿನ ಜನರೇ ನಗುತ್ತಾರೆ. ತಾಳಕ್ಕೆ ಎರಡು ಮರದ ತುಂಡು, ಒಂದು ಉದ್ದ, ಒಂದು ತುಸು ಗಿಡ್ಡ. ಅದೂ ನಮ್ಮ ಬಾರಿಹಣ್ಣಿನ ಗಿಡದ ಅಣ್ಣತಮ್ಮನಂಥ ಮರದ್ದು. ಟಕ್ ಅಂತ ಬಡಿದರೆ ಊರಾಚೆ ಕೇಳಬೇಕು. ನಮ್ಮ ಮುತ್ಯಾ ಆಳಂದ ಕಡೆಯ ಹಳ್ಳಿಯಲ್ಲಿ ಮೈಕ್ ಬರುವ ಮುಂಚೆ ಗ್ಯಾಸ್‌ಬತ್ತಿ ಬೆಳಕಿನಲ್ಲಿ ದೊಡ್ಡಾಟದಲ್ಲಿ, ಅಂದರೆ ನಮ್ಮ ಕಡೆಯ ಬಯಲಾಟದಲ್ಲಿ, ದುರ್ಯೋಧನನಾಗಿ ಬೆಳಗಿನ ತನಕ ಕೂಗಿದವನು, ಗಂಟಲ ಗುರುತು ಅವನಿಗಲ್ಲದೆ ಇನ್ಯಾರಿಗೆ ಸಿಗಬೇಕು?

ನೆಟ್‌ನಲ್ಲಿ ಚೀನಾದ ಒಪೆರಾ ಅಂತ ಹುಡುಕಿದರೆ ಮೊದಲು ಬರುವುದು ಪೀಕಿಂಗ್ (ಈಗಿನ ಬೀಜಿಂಗ್) ಒಪೆರಾ. ಕರ್ನಾಟಕದ ಬಯಲಾಟ ಅಂದರೆ ಯಕ್ಷಗಾನ ಒಂದೇ ಅಂದುಕೊಂಡವರು ಇದ್ದಾರಲ್ಲ, ಹಾಗೇ ಇದೂ. (ಯಕ್ಷಗಾನದ ಮೇಲೆ ಸಿಟ್ಟಿಲ್ಲ, ನಮ್ಮ ದೊಡ್ಡಾಟ ಯಾರಿಗೂ ನೆನಪಾಗುವುದಿಲ್ಲವಲ್ಲ ಅಂತ ಹೊಟ್ಟೆ ಉರಿ ಅಷ್ಟೇ.) ಅಲ್ಲಿ ಇಂಥ ಆಟಗಳು 300ಕ್ಕೂ ಜಾಸ್ತಿ ಇವೆ. ಕಥೆಗಳು ಎಷ್ಟೋ ಒಂದೇ. ಬೇರೆ ಆಗುವುದು ಬಾಯಲ್ಲಿ. ಚೀನೀ ಮಾತಿನಲ್ಲಿ ದನಿ ಏರಿಸಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ಈ ಏರಿಳಿತ ಒಂದೊಂದು ಸೀಮೆಯಲ್ಲಿ ಒಂದೊಂದು ಥರ. ಹಾಗಾಗಿ ರಾಗ ಆ ಊರಿನ ಮಾತಿನ ಬೆನ್ನು ಹಿಡಿದೇ ಹೋಗಬೇಕು, ಇಲ್ಲದಿದ್ದರೆ ಹಾಡು ಕಿವಿಗೆ ಬಿದ್ದರೂ ಮಾತು ತಿಳಿಯುವುದಿಲ್ಲ.

ಇನ್ನೊಂದು ತಮಾಷೆ, ಪೀಕಿಂಗ್ ಒಪೆರಾ ಹುಟ್ಟಿದ್ದು ಪೀಕಿಂಗ್‌ನ ಮಣ್ಣಿನಲ್ಲಲ್ಲ. 1790ರಲ್ಲಿ ಚಿಯಾನ್‌ಲಾಂಗ್ ದೊರೆಯ 80ನೇ ಹುಟ್ಟುಹಬ್ಬಕ್ಕೆ ದಕ್ಷಿಣದ ಆನ್‌ಹುಯಿಯಿಂದ ಮೇಳದವರು ಬಂದರು, ಆಮೇಲೆ ಹುಬೇ ಕಡೆಯವರು ಸೇರಿಕೊಂಡರು. ಅವರ ರಾಗಗಳು ಕೂಡಿ ಇದಾಯಿತು. ಇವತ್ತಿಗೂ ಅದರಲ್ಲಿ ರಾಜ, ಮಂತ್ರಿ, ದೊಡ್ಡ ಮನೆಯ ಹೆಂಗಸರು ರಾಗ ಎಳೆದು ಹಳೆಯ ಗತ್ತಿನ ಮಾತಾಡುತ್ತಾರೆ. ಪೀಕಿಂಗ್‌ನ ಬೀದಿ ಮಾತು ಬರುವುದು ಹಾಸ್ಯಗಾರನ ಬಾಯಲ್ಲಿ. ನಮ್ಮಲ್ಲಿ ದುರ್ಯೋಧನ "ಎಲೈ ಸಾರಥಿ" ಅಂತ ಗ್ರಂಥದ ಕನ್ನಡ ಬಿಗಿದರೆ ಹಾಸ್ಯದವನು "ಏನ್ರೀ ಧಣಿ, ಊಟ ಆಯ್ತ್ರಿ?" ಅನ್ನುವುದಿಲ್ಲವೇ? ಅಲ್ಲೂ ಅದೇ.

ಆಮೇಲೆ ಕುನ್‌ಚೂ ಹಾಕಿದೆ. ಸುಝೌ ಹತ್ತಿರದ ಕುನ್ಶಾನ್‌ನದು. 16ನೇ ಶತಮಾನದಲ್ಲಿ ವೇ ಲಿಯಾಂಗ್‌ಫು ಎಂಬ ಗಾಯಕ ಊರ ಮಟ್ಟನ್ನು ತಿದ್ದಿ ತೀಡಿ ನಯ ಮಾಡಿದ. ಅಕ್ಕಿಯನ್ನು ನೀರು ಹಾಕಿ ಬೀಸಿದಷ್ಟು ನುಣುಪು ಅಂತ ಅದಕ್ಕೆ ನೀರು ಬೀಸಿನ ರಾಗ ಅಂತಲೇ ಹೆಸರು. ಬಿದಿರ ಕೊಳಲು ಜೊತೆಗೆ, ಒಂದೊಂದು ಅಕ್ಷರ ಎಳೆಎಳೆಯಾಗಿ ಬಿಚ್ಚುತ್ತದೆ. ಮುತ್ಯಾ ಎರಡು ನಿಮಿಷ ಕೇಳಿ, "ಚಂದ ಅದ, ನಿದ್ದಿ ಬರ್ತದ" ಅಂದ. ನನಗೂ ಮೊದಲ ಸಲ ಹಾಗೇ ಆಗಿತ್ತು, ಹೇಳಲಿಲ್ಲ.

ಮುಂದಿನದರಲ್ಲಿ ನಾನು ಮುಗ್ಗರಿಸಿದೆ. ಯುಯೆಜು ಅಂತ ಹೆಸರಿತ್ತು, ಗುವಾಂಗ್‌ಡಾಂಗ್‌ನದು, ಹಾಂಗ್‌ಕಾಂಗ್ ಕಡೆಯ ಮಾತಿನದು ಅಂತ ಜೋರಾಗಿ ಹೇಳಿಬಿಟ್ಟೆ. ಆಮೇಲೆ ನೋಡಿದರೆ ಅದೇ ಉಚ್ಚಾರದ ಆಟ ಎರಡಿವೆ, ಬರೆಯುವ ಅಕ್ಷರ ಮಾತ್ರ ಬೇರೆ. ನಾನು ಹಾಕಿದ್ದು ಜೆಜಿಯಾಂಗ್‌ನ ಶೆಂಗ್‌ಝೌದ್ದು, 1906ರಲ್ಲಿ ಶುರುವಾಗಿದ್ದು, ಶಾಂಘೈಗೆ ಹೋಗಿ ಹೆಸರು ಮಾಡಿದ್ದು. ಅದರಲ್ಲಿ ನಾಯಕನ ಪಾತ್ರವನ್ನೂ ಹೆಚ್ಚಾಗಿ ಹೆಂಗಸರೇ ಮಾಡುತ್ತಾರೆ. ಇದನ್ನು ಹೇಳಿದ್ದಕ್ಕೆ ಮುತ್ಯಾ ಮೊಬೈಲ್ ಕಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಆ "ಗಂಡಸಿನ" ಕೈಬೆರಳು ನೋಡಿದ. ಅವನೂ ಮೀಸೆ ಬರುವ ಮುಂಚೆ ದ್ರೌಪದಿ ಆಗಿದ್ದವನು. "ನಡಗಿ ಕಲಿಸಬಹುದು, ಬೆರಳು ಕಲಿಸೋದು ಕಷ್ಟ" ಅಂದ. ಅವನಿಗೆ ಮೇ ಲಾನ್‌ಫಾಂಗ್ ಬಗ್ಗೆ ಹೇಳಿದೆ, ಹೆಣ್ಣಿನ ಪಾತ್ರ ಮಾಡಿ 1930ರಲ್ಲಿ ಅಮೆರಿಕದ ತನಕ ಹೋಗಿ ಬಂದ ಗಂಡಸು ಅಂತ. "ನಮಗ ಅಫಜಲಪುರ ದಾಟಲಾಕ ಆಗಲಿಲ್ಲ" ಅಂದ.

ಸಿಚುವಾನ್‌ನದು ಕೊನೆಗೆ. ಮುಖ ಬದಲಿಸುವುದು ಅಲ್ಲಿಯದೇ, ತೆಳು ರೇಷ್ಮೆಯ ಮುಖವಾಡ ಕಣ್ಣು ಮಿಟುಕಿಸುವುದರೊಳಗೆ ಮಾಯ. ಮುತ್ಯಾನಿಗೆ ಅದು ಜಾದು ಅನ್ನಿಸಿತು, ಆಟ ಅಲ್ಲ. ಅವನು ಹಿಡಿದುಕೊಂಡಿದ್ದು ಬೇರೆ. ಅಲ್ಲಿಯ ಗಾವೋಚ್ಯಾಂಗ್ ಎಂಬ ಬಗೆಯಲ್ಲಿ ಹಾಡುವವನಿಗೆ ಕೊಳಲು, ತಂತಿ ಏನೂ ಇಲ್ಲ. ಬರೀ ನಗಾರಿ, ತಾಳ. ಅವನು ಸಾಲು ಬಿಟ್ಟ ಕಡೆ ಮರೆಯಿಂದ ನಾಲ್ಕಾರು ಜನ ಎತ್ತಿಕೊಳ್ಳುತ್ತಾರೆ. "ಹಿಮ್ಮೇಳ!" ಅಂದ, ತೊಡೆ ತಟ್ಟಿದ.

ಇನ್ನೊಂದು ಹೇಳಿದೆ. ಚೀನಾದ ಆಟದಲ್ಲಿ ಪಾತ್ರ ಬಂದ ಕೂಡಲೇ ತನ್ನ ಹೆಸರು, ಊರು, ಮನೆತನ ತಾನೇ ಹೇಳಿಕೊಳ್ಳುತ್ತದೆ, ನಮ್ಮ ದೊಡ್ಡಾಟದ ಹಾಗೆ ನೀವು ಯಾರು ಅಂತ ಕೇಳುವ ಸಾರಥಿ ಇಲ್ಲ.

"ಯಾರೂ ಕೇಳದೇ ಹೇಳ್ಕೋತಾನಾ? ಸೊಕ್ಕಿನಾಂವ."

ಮೊಬೈಲ್ ಚಾರ್ಜ್ ಅಷ್ಟರಲ್ಲಿ ಮುಗಿಯಿತು. ಕತ್ತಲಲ್ಲಿ ಮುತ್ಯಾ ಹೊರಸಿನಿಂದ ಎದ್ದು, ಹೆಗಲ ಮೇಲಿನ ಟವೆಲ್ ಭುಜಕಿರೀಟ ಅನ್ನುವ ಹಾಗೆ ಸರಿಮಾಡಿಕೊಂಡು, ನಾನು ಬೇಡ ಅನ್ನುವುದರೊಳಗೆ, ಆ ಹಳೆಯ ಬಯಲ ಗಂಟಲಲ್ಲಿ ಒಂದು ಸಲ "ಎಲೈ..." ಅಂತ ಎತ್ತಿಬಿಟ್ಟ. ಕೆಳಗೆ ನಾಯಿ ಬೊಗಳಿತು. ಎರಡು ಮನೆ ಆಚೆಯ ಮಾಳಿಗೆಯಿಂದ ಯಾರೋ ಗಾಬರಿಯಾಗಿ ಕೂಗಿದರು, "ಯಾರ್ರೀ ಅದು?"

"ನೋಡು," ಅಂದ ಮುತ್ಯಾ, "ಸಾರಥಿ ಸಿಕ್ಕ."