ಮೆಗ್ಗರ್‌ಗೆ ಕಾಣದ ನೆಲ

ವಿದ್ಯುತ್ ಉಪಕೇಂದ್ರಗಳಿಗೆ ಮತ್ತು ಕಾರ್ಖಾನೆಗಳಿಗೆ ಅರ್ತಿಂಗ್ ಮಾಡಿಕೊಡುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ. ಗುಂಡಿ ತೋಡಿಸಿ, ಜಿಐ ಪೈಪ್ ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿಸಿ, ನೀರು ಹೊಯ್ದು, ಕೊನೆಗೆ ನೆಲದ ರೋಧ ಅಳೆಯುವ ಮೆಗ್ಗರ್ ಹಚ್ಚಿದಾಗ ಓಮ್ (ರೋಧದ ಅಳತೆ) ಎಷ್ಟು ಕಡಿಮೆ ಬಂದರೆ ಕೆಲಸ ಅಷ್ಟು ಒಳ್ಳೆಯದು ಎಂಬುದು ನನ್ನ ಲೆಕ್ಕವಾಗಿತ್ತು. ಆ ಲೆಕ್ಕ ಎಲ್ಲಿಯವರೆಗೆ ಸರಿ ಎಂಬುದು ತಿಳಿದದ್ದು ತುಮಕೂರಿನ ಕಡೆಯ ಒಂದು ಕಾಲೇಜಿನ ಹವ್ಯಾಸಿ ರೇಡಿಯೊ ಕೇಂದ್ರದಲ್ಲಿ.

ಅಲ್ಲಿನ ವಿದ್ಯಾರ್ಥಿಗಳು 160 ಮೀಟರ್ ಬ್ಯಾಂಡ್‌ಗಾಗಿ (ಅಂದರೆ ಸುಮಾರು 160 ಮೀಟರ್ ಉದ್ದದ ರೇಡಿಯೊ ತರಂಗಗಳಿಗಾಗಿ) 18 ಮೀಟರ್ ಎತ್ತರದ ಪೈಪ್ ಕಂಬವನ್ನೇ ಆಂಟೆನಾ ಆಗಿ ನಿಲ್ಲಿಸಿ, ತುದಿಯಿಂದ ನಾಲ್ಕು ತಂತಿಗಳನ್ನು ಕೊಡೆಯ ಕಡ್ಡಿಗಳಂತೆ ಹರಡಿ, ಬುಡದಲ್ಲಿ ಸುರುಳಿ ಹಾಕಿದ್ದರು. ಇಂಥ ಕಂಬ ತರಂಗದ ಕಾಲು ಭಾಗದಷ್ಟು ಎತ್ತರವಿರಬೇಕು, ಈ ತರಂಗದ ಕಾಲು ಭಾಗವೇ 40 ಮೀಟರಿನಷ್ಟು ಆಗುವುದರಿಂದ ಪೂರ್ಣ ಎತ್ತರದ ಕಂಬ ಅವರ ಕೈಗೆಟುಕುವಂತಿರಲಿಲ್ಲ. ದೂರದ ಕೇಂದ್ರಗಳು ಕೇಳಿಸುತ್ತಿದ್ದವು, ಆದರೆ ಇವರ ಕರೆಗೆ ಉತ್ತರ ಬರುತ್ತಿರಲಿಲ್ಲ. ಬುಡದಲ್ಲಿದ್ದ ಒಂದೇ ಹಳೆಯ ರಾಡ್ ಮೆಗ್ಗರ್‌ನಲ್ಲಿ 60 ಓಮ್ ತೋರಿಸಿತು. ದೋಷ ಸಿಕ್ಕಿತೆಂದು ನಾನು ಅಂದುಕೊಂಡೆ.

ಕಂಬದ ಬಳಿ ಬಂಡೆ ಇದ್ದುದರಿಂದ 15 ಮೀಟರ್ ದೂರದಲ್ಲಿ ಆರು ಗುಂಡಿ ಮಾಡಿ, ಅಲ್ಲಿಂದ ತಾಮ್ರದ ಪಟ್ಟಿಯನ್ನು ನೆಲದ ಮೇಲೆಯೇ ಕಂಬದವರೆಗೆ ಎಳೆದೆ. ಮೆಗ್ಗರ್ 7 ಓಮ್‌ಗೆ ಇಳಿಯಿತು. ನನ್ನ ವೃತ್ತಿಯಲ್ಲಿ ಆ ಕೆಮ್ಮಣ್ಣಿಗೆ ಅದು ಒಳ್ಳೆಯ ಫಲಿತಾಂಶ. ಆದರೆ ವಿದ್ಯಾರ್ಥಿಗಳು ನ್ಯಾನೋ ವಿಎನ್‌ಎ ಎಂಬ ಪುಟ್ಟ ಅಳತೆಯಂತ್ರದಿಂದ ಆಂಟೆನಾದ ಬುಡದ ರೋಧವನ್ನು ನೋಡಿದಾಗ ಮೊದಲು 52 ಓಮ್ ಇದ್ದದ್ದು 50 ಆಗಿತ್ತು, ಅಷ್ಟೇ. ಎರಡು ದಿನದ ಕೂಲಿ, ಆರು ಪೈಪ್, ಮೂಟೆಗಟ್ಟಲೆ ಇದ್ದಿಲು, ಎಲ್ಲಕ್ಕೂ ಸಿಕ್ಕ ಪ್ರತಿಫಲ ಎರಡು ಓಮ್ ಎಂಬುದನ್ನು ನಾನು ಬಹಳ ಹೊತ್ತು ಒಪ್ಪಿಕೊಳ್ಳಲಿಲ್ಲ.

ಮಧ್ಯಮ ತರಂಗದ (ಮೀಡಿಯಂ ವೇವ್) ಪ್ರೇಷಕಗಳನ್ನು ನೋಡಿಕೊಂಡು ನಿವೃತ್ತರಾದ ಹಿರಿಯರೊಬ್ಬರು ಆ ಕೇಂದ್ರಕ್ಕೆ ಬರುತ್ತಿದ್ದರು. ಅವರು ನನ್ನ ಪಟ್ಟಿಯನ್ನು ಬುಡದಿಂದ ಗುಂಡಿಯವರೆಗೆ ನಡೆದು ನೋಡಿ ಕೇಳಿದರು: "ಈ ಪಟ್ಟಿ ಐವತ್ತು ಹರ್ಟ್ಸ್‌ಗೆ ಬರೀ ತಂತಿ, ಸರಿ ಇವರೇ, ಆದರೆ ನಮ್ಮ ರೇಡಿಯೊ ತರಂಗಕ್ಕೆ ಇದು ಏನು, ಲೆಕ್ಕ ಹಾಕಿದ್ದೀರಾ?" ಹಾಕಿರಲಿಲ್ಲ. ಯಾವ ತಂತಿಗೂ ಇಂಡಕ್ಟನ್ಸ್ ಎಂಬ ಗುಣವಿದೆ, ಆವರ್ತನ ಏರಿದಷ್ಟೂ ಅದು ಪ್ರವಾಹವನ್ನು ಹೆಚ್ಚು ತಡೆಯುತ್ತದೆ. ಮೀಟರಿಗೆ ಸುಮಾರು ಒಂದು ಮೈಕ್ರೊಹೆನ್ರಿಯಂತೆ 15 ಮೀಟರ್ ಪಟ್ಟಿಯ ತಡೆ ಕಾರ್ಖಾನೆಗೆ ಬರುವ ವಿದ್ಯುತ್ತಿನ 50 ಹರ್ಟ್ಸ್‌ನಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು, ಈ ಬ್ಯಾಂಡಿನ 1.82 ಮೆಗಾಹರ್ಟ್ಸ್‌ನಲ್ಲಿ ಅದೇ ಪಟ್ಟಿ 170 ಓಮ್ ಆಗುತ್ತದೆ. ನನ್ನ ಆರು ಗುಂಡಿಗಳು ಕಂಬದ ಮಟ್ಟಿಗೆ ಅಲ್ಲಿ ಇರಲೇ ಇಲ್ಲ.

ಇನ್ನೊಂದು ಕಾರಣ ಮಣ್ಣಿನಲ್ಲೇ ಇತ್ತು. ಆ ಜಾಗದ ಮಣ್ಣಿನ ರೋಧಕತೆ ಸುಮಾರು 200 ಓಮ್-ಮೀಟರ್. ಅಂಥ ನೆಲದಲ್ಲಿ 50 ಹರ್ಟ್ಸ್ ಪ್ರವಾಹ ಒಂದು ಕಿಲೋಮೀಟರ್ ಆಳದವರೆಗೆ ಹರಡಿಕೊಳ್ಳಬಲ್ಲದು, 160 ಮೀಟರ್ ಬ್ಯಾಂಡ್‌ನ ಪ್ರವಾಹವಾದರೋ ಸುಮಾರು ಐದು ಮೀಟರಿನಲ್ಲೇ ಕ್ಷೀಣಿಸುತ್ತದೆ. ಕಂಬದಿಂದ ಮತ್ತು ತುದಿಯ ತಂತಿಗಳಿಂದ ಗಾಳಿಯ ಮೂಲಕ ಸುತ್ತಲಿನ ನೆಲದ ಮೇಲೆ ಇಳಿದ ಪ್ರವಾಹ, ಮೇಲ್ಮಣ್ಣಿನಲ್ಲೇ ನಡೆದು, ಎಲ್ಲ ದಿಕ್ಕುಗಳಿಂದಲೂ ಬುಡಕ್ಕೆ ಮರಳಬೇಕು. ಹೊಲಗಳ ಕಾಲುವೆಗಳೆಲ್ಲ ಒಂದೇ ತೂಬಿಗೆ ಬಂದು ಸೇರುವಂತೆ ಅದು ಬುಡದ ಹತ್ತಿರ ಒತ್ತೊತ್ತಾಗುತ್ತದೆ, ಹೆಚ್ಚಿನ ಶಕ್ತಿ ಶಾಖವಾಗಿ ಹೋಗುವುದೂ ಅಲ್ಲಿಯೇ. ಆದ್ದರಿಂದ ಇಲ್ಲಿ ಬೇಕಾದದ್ದು ಆಳವಲ್ಲ, ಹರವು: ಬುಡದಿಂದ ಚಕ್ರದ ಅರಗಳಂತೆ ಹೊರಡುವ ತಂತಿಗಳು.

ಈ ವಿದ್ಯೆ ಹಳೆಯದು. ಅಮೆರಿಕದ ಆರ್‌ಸಿಎ ಕಂಪನಿಯ ಬ್ರೌನ್, ಲೂಯಿಸ್ ಮತ್ತು ಎಪ್‌ಸ್ಟೈನ್ 1937ರಲ್ಲಿ ಪ್ರಕಟಿಸಿದ ಅಳತೆಗಳ ನಂತರ ಅಲ್ಲಿನ ಪ್ರಸಾರ ಕೇಂದ್ರಗಳಲ್ಲಿ ಕಂಬದ ಸುತ್ತ 120 ತಂತಿ ಹೂಳುವುದು ರೂಢಿಯಾಯಿತು. ನಮ್ಮಲ್ಲಿ ಅಷ್ಟು ತಾಮ್ರವಿರಲಿಲ್ಲ. ಕಟ್ಟಡದ ವೈರಿಂಗ್‌ನಲ್ಲಿ ಉಳಿದಿದ್ದ 1.5 ಚದರ ಮಿಲಿಮೀಟರಿನ ತಂತಿಯನ್ನು, ಮೇಲಿನ ಪಿವಿಸಿ ಕಳಚದೆಯೇ, 15 ಮೀಟರಿನ ತುಂಡುಗಳಾಗಿ ಕತ್ತರಿಸಿದೆವು. ಹೊದಿಕೆ ಇದ್ದರೂ ಈ ಕೆಲಸಕ್ಕೆ ಅಡ್ಡಿಯಿಲ್ಲ. ಪಿಕಾಸಿಯಿಂದ ನಾಲ್ಕು ಬೆರಳು ಆಳದ ಸೀಳು ತೆಗೆದು, ತಂತಿ ಇಳಿಸಿ, ಕಾಲಿನಿಂದ ಮಣ್ಣು ಮುಚ್ಚುತ್ತಾ ಹೋದೆವು. ಬುಡದಲ್ಲಿ ತಾಮ್ರದ ಪಟ್ಟಿಯನ್ನು ಬಳೆಯಾಗಿ ಬಾಗಿಸಿ, ಪ್ರತಿ ತಂತಿಗೂ ಲಗ್ ಒತ್ತಿ, ಬೋಲ್ಟ್ ಹಾಕಿದೆವು. ಮೊದಲು ಬೆಸುಗೆ ಹಾಕಿದ್ದ ನಾಲ್ಕು ಜೋಡಣೆಗಳು ಒಂದೇ ಮಳೆಗಾಲದಲ್ಲಿ ಹಸಿರುಗಟ್ಟಿ ಬಿಟ್ಟುಕೊಂಡವು.

ಬುಡದ ರೋಧ ಎಂಟು ತಂತಿಗೆ 36 ಓಮ್, ಹದಿನಾರಕ್ಕೆ 28, ಮೂವತ್ತೆರಡಕ್ಕೆ 23. ಆಮೇಲೆ ನಾಲ್ಕು ಹೆಚ್ಚಿಸಿದರೂ ಅಂಕಿ ಕದಲಿದಂತೆ ಕಾಣಲಿಲ್ಲ, ನಿಲ್ಲಿಸಿದೆವು. ಅಷ್ಟರಲ್ಲಿ ಒಬ್ಬ ಹುಡುಗಿ ಓಡಿ ಬಂದು, "ಸರ್, ಎಸ್‌ಡಬ್ಲ್ಯುಆರ್ ಕೆಟ್ಟುಹೋಯಿತು, ಮೊದಲು ಒಂದಿತ್ತು, ಈಗ ಎರಡು ದಾಟಿದೆ" ಎಂದಳು. ಎಸ್‌ಡಬ್ಲ್ಯುಆರ್ ಎಂದರೆ ಕೇಬಲ್ಲಿಗೆ ಆಂಟೆನಾ ಎಷ್ಟು ಹೊಂದುತ್ತದೆ ಎಂಬ ಅಳತೆ, ಒಂದು ಬಂದರೆ ಪೂರ್ತಿ ಹೊಂದಿಕೆ. ಇದನ್ನು ಎಲ್ಲ ಹವ್ಯಾಸಿಗಳೂ ಗಮನಿಸಬೇಕೆಂದು ನನ್ನ ಆಸೆ. ಆ ಆಂಟೆನಾ ನಿಜವಾಗಿ ಹೊರಸೂಸುವ ಪಾಲು ಸುಮಾರು 10 ಓಮ್ ಮಾತ್ರ. ಉಳಿದದ್ದು ಸುರುಳಿಯ ಮತ್ತು ಮಣ್ಣಿನ ನಷ್ಟ. ಕೇಬಲ್‌ನ 50 ಓಮ್‌ಗೆ ಅದು ಮೊದಲು ಅಷ್ಟು ಚೆನ್ನಾಗಿ ಹೊಂದಿಕೊಂಡದ್ದು ಶಕ್ತಿ ಮಣ್ಣಿನಲ್ಲಿ ಶಾಖವಾಗಿ ಹೋಗುತ್ತಿದ್ದುದರಿಂದಲೇ. ನೂರು ವಾಟ್‌ನಲ್ಲಿ 19 ವಾಟ್ ಹೊರಡುತ್ತಿದ್ದದ್ದು ಈಗ 43 ವಾಟ್ ಆಗಿತ್ತು. ಹಿರಿಯರು ಬುಡದಲ್ಲಿ ಸಣ್ಣದೊಂದು ಟ್ರಾನ್ಸ್‌ಫಾರ್ಮರ್ ಸುತ್ತಿ ಹೊಂದಾಣಿಕೆಯನ್ನು ಸರಿಪಡಿಸಿದರು.

ಇನ್ನೂ ಕೆಳಗಿನ 136 ಕಿಲೋಹರ್ಟ್ಸ್‌ನಲ್ಲಿ ಮಣ್ಣಿನ ನಷ್ಟದ ಈ ಸಮಸ್ಯೆ ಎಷ್ಟೋ ಪಾಲು ಕಠಿಣವಾಗುತ್ತದೆ. ಅಲ್ಲಿ ತರಂಗದ ಉದ್ದ 2200 ಮೀಟರ್. ಇದೇ ಕಂಬದ ಹೊರಸೂಸುವ ರೋಧ ಹೆಚ್ಚೆಂದರೆ 0.1 ಓಮ್. ಸ್ವೀಡನ್ನಿನ ಗ್ರಿಮೆಟನ್‌ನಲ್ಲಿ 1924ರಿಂದ ಇರುವ 17.2 ಕಿಲೋಹರ್ಟ್ಸ್ ಕೇಂದ್ರ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯಾಯಿತು. ಅಲ್ಲಿ 127 ಮೀಟರ್ ಎತ್ತರದ ಆರು ಗೋಪುರಗಳಿವೆ. ಪ್ರತಿಯೊಂದರ ಬಳಿಯೂ ಒಂದು ತಂತಿ ಇಳಿದು, ತನ್ನದೇ ಸುರುಳಿಯ ಮೂಲಕ ನೆಲ ಸೇರುತ್ತದೆ. ಪ್ರವಾಹ ಒಂದೇ ಕಡೆ ಒತ್ತಾಗದೆ ಹಂಚಿಹೋಗುವುದರಿಂದ ಮಣ್ಣಿನ ನಷ್ಟ ಬಹಳ ಕಡಿಮೆಯಾಗುತ್ತದೆ.

ಗುಂಡಿಗಳನ್ನು ನಾವು ಕೀಳಲಿಲ್ಲ. ಸಿಡಿಲಿಗೆ ಮತ್ತು ವಿದ್ಯುತ್ ಸುರಕ್ಷತೆಗೆ ಅವು ಬೇಕೇ ಬೇಕು. ಅವನ್ನೂ ಬುಡದ ಬಳೆಗೆ ಗಟ್ಟಿಯಾಗಿ ಜೋಡಿಸಿದ್ದೇವೆ. ಉತ್ತರ ದಿಕ್ಕಿಗೆ ಕಾಂಪೌಂಡ್ ಗೋಡೆ ಅಡ್ಡ ಬಂದು ಅಲ್ಲಿನ ಏಳು ತಂತಿಗಳು 9 ಮೀಟರಿಗೇ ನಿಂತಿವೆ. ಈ ಬೇಸಿಗೆ ರಜೆಯಲ್ಲಿ ಅವನ್ನು ಗೋಡೆಯ ಬುಡದಗುಂಟ ತಿರುಗಿಸಿ ಉದ್ದ ಮಾಡಿ, ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಅಳೆಯಬೇಕೆಂದಿದ್ದೇವೆ.